ಗೋತ್ರಸ್ಖಲನದಿಂದ ಫ್ರಾಯ್ಡನವರೆಗೆ: ಬಾಯ್ತಪ್ಪಿನ ವ್ಯಾಖ್ಯಾನದ ಚರಿತ್ರೆ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಭಕ್ತರು ಮನದ ಬಯಕೆಯನ್ನು ಗಂಗೆಗೆ ನಿವೇದಿಸಿ, ಕೊಳದಲ್ಲಿ ಮೇಲೆದ್ದು ಬರುವ ವಸ್ತುವನ್ನು ಉತ್ತರವೆಂದು ಸ್ವೀಕರಿಸುತ್ತಾರೆ. ಮಾತಿನ ವಿಷಯದಲ್ಲಿಯೂ ಇಂಥದೇ ನಂಬಿಕೆಯೊಂದಿದೆ: ಬಾಯ್ತಪ್ಪಿ ಬಂದುದೇ ಮನಸ್ಸಿನ ನಿಜ. ಇದನ್ನು ಸಾಮಾನ್ಯವಾಗಿ ಫ್ರಾಯ್ಡನ ಹೆಸರಿಗೆ ಜೋಡಿಸಲಾಗುತ್ತದೆ. ಈ ವಿಚಾರವು ನಮ್ಮ ಪರಂಪರೆಯಲ್ಲಿ ಬಹಳ ಹಳೆಯದೆಂದೂ, ಅದರ ಹಳೆಯ ನಿದರ್ಶನಗಳೇ ಅದರ ಮಿತಿಯನ್ನು ತೋರಿಸುತ್ತವೆಂದೂ ನಾವು ಇಲ್ಲಿ ವಾದಿಸುತ್ತೇವೆ.

ನಾಯಕನು ಒಬ್ಬಳನ್ನು ಕರೆಯಹೋಗಿ ಇನ್ನೊಬ್ಬಳ ಹೆಸರನ್ನು ಉಚ್ಚರಿಸುವುದಕ್ಕೆ ಸಂಸ್ಕೃತ ಕಾವ್ಯಪರಂಪರೆಯು 'ಗೋತ್ರಸ್ಖಲನ'ವೆಂದು ಹೆಸರಿಟ್ಟಿದೆ. ಇಲ್ಲಿ 'ಗೋತ್ರ'ವೆಂದರೆ ಹೆಸರು. ಕಾಳಿದಾಸನ 'ವಿಕ್ರಮೋರ್ವಶೀಯ'ದಲ್ಲಿ ಈ ಸ್ಖಲನ ನಾಯಿಕೆಯದು. ದೇವಸಭೆಯ ನಾಟಕದಲ್ಲಿ ಲಕ್ಷ್ಮಿಯ ಪಾತ್ರ ವಹಿಸಿದ ಊರ್ವಶಿಯು, ನಿನ್ನ ಮನಸ್ಸು ಯಾರಲ್ಲಿದೆಯೆಂಬ ಪ್ರಶ್ನೆಗೆ 'ಪುರುಷೋತ್ತಮನಲ್ಲಿ' ಎನ್ನಬೇಕಾದೆಡೆ 'ಪುರೂರವನಲ್ಲಿ' ಎಂದುಬಿಡುತ್ತಾಳೆ. ಭರತಮುನಿ ಶಪಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಸವಪ್ಪಶಾಸ್ತ್ರಿಗಳ (1843–1891) ಅನುವಾದದಿಂದ ಈ ನಾಟಕ ಕನ್ನಡಕ್ಕೂ ಬಂದಿತು.

ಈ ತಪ್ಪಿನ ರಚನೆಯನ್ನು ಗಮನಿಸಬೇಕು. ಎರಡು ಹೆಸರುಗಳ ಆದಿಭಾಗ 'ಪುರು', 'ಪುರೂ' ಎಂದು ಸ್ವರದ ಹ್ರಸ್ವದೀರ್ಘದಲ್ಲಿ ಮಾತ್ರ ಭಿನ್ನ. ನಾಮಪದದ ಸ್ಥಾನಕ್ಕೆ ನಾಮಪದವೇ ಬಂದಿದೆ. ಸಪ್ತಮೀ ವಿಭಕ್ತಿ ಕೆಟ್ಟಿಲ್ಲ. ಬಯಕೆಯನ್ನು ಬದಿಗಿಟ್ಟರೂ ಧ್ವನಿಸಾಮ್ಯವೊಂದೇ ಈ ತಪ್ಪನ್ನು ಸಾಧ್ಯವಾಗಿಸಬಲ್ಲದು.

ಕುಂಭಕರ್ಣನ ಕಥೆ ಇದಕ್ಕೆ ಪ್ರತಿನಿದರ್ಶನ. 'ಇಂದ್ರಾಸನ' ಬೇಡಹೋಗಿ 'ನಿದ್ರಾಸನ' ಬೇಡಿದನೆಂದು ಜನಪ್ರಿಯ ನಿರೂಪಣೆ ಹೇಳುತ್ತದೆ. ಆದಿಯ ಸ್ವರ ಮತ್ತು ಅನುನಾಸಿಕ ಸ್ಥಾನ ಬದಲಿಸಿಕೊಂಡಿವೆ; ಇದು ಶುದ್ಧ ವರ್ಣವ್ಯತ್ಯಯ. ಆದರೆ ಹೊರಬಂದದ್ದು ಬಯಕೆಯಲ್ಲ, ಅದರ ನಾಶ. ಪರಂಪರೆ ಇದನ್ನು ನಾಲಿಗೆಯ ಮೇಲೆ ನಿಂತ ಸರಸ್ವತಿಯ ಕಾರ್ಯವೆನ್ನುತ್ತದೆ. ಪತಂಜಲಿ ಉಲ್ಲೇಖಿಸುವ 'ಇಂದ್ರಶತ್ರು' ಪ್ರಸಂಗದಲ್ಲಿಯಾದರೋ ಸ್ವರ ತಪ್ಪಿದ್ದರಿಂದ ಸಮಾಸದ ಅರ್ಥವೇ ತಿರುಗಿ, ಮಂತ್ರವು ಯಜಮಾನನಿಗೇ ಮುಳುವಾಗುತ್ತದೆ. ಅಲ್ಲಿ ದೋಷ ಉಚ್ಚಾರಣೆಯದು. ಹೀಗೆ ಬಾಯ್ತಪ್ಪಿಗೆ ಕಾಮ, ದೈವ, ಉಚ್ಚಾರಣದೋಷವೆಂಬ ಮೂರು ಕಾರಣಗಳು ನಮ್ಮಲ್ಲಿ ಜೊತೆಜೊತೆಯಾಗಿದ್ದವು.

ಯುರೋಪಿನಲ್ಲಿ ಮೆರಿಂಗರ್ ಮತ್ತು ಮೇಯರ್ 1895ರಲ್ಲಿ ಇಂಥ ತಪ್ಪುಗಳ ಸಂಗ್ರಹವನ್ನು ಪ್ರಕಟಿಸಿ, ಧ್ವನಿಗಳ ಪರಸ್ಪರ ಪ್ರಭಾವವನ್ನು ಮುಂದಿಟ್ಟರು. 1901ರಲ್ಲಿ ಫ್ರಾಯ್ಡ್ ಅದೇ ಸಂಗ್ರಹದಿಂದ ಉದಾಹರಣೆಗಳನ್ನು ಎತ್ತಿಕೊಂಡು, ಧ್ವನಿಸಾಮ್ಯವು ದಾರಿಯನ್ನಷ್ಟೇ ಸುಗಮಗೊಳಿಸುತ್ತದೆ, ಪ್ರೇರಕಶಕ್ತಿ ಅದುಮಿಟ್ಟ ಇಚ್ಛೆಯೆಂದ. 1971ರಲ್ಲಿ ವಿಕ್ಟೋರಿಯಾ ಫ್ರಾಮ್ಕಿನ್, ತಪ್ಪುಗಳೂ ಭಾಷೆಯ ಧ್ವನಿನಿಯಮಗಳನ್ನು ಪಾಲಿಸುತ್ತವೆಂದು ತೋರಿಸಿ, ಅವನ್ನು ವ್ಯಾಕರಣದ ಸಾಕ್ಷ್ಯವಾಗಿಸಿದರು. 1979ರಲ್ಲಿ ಮೋಟ್ಲಿ ಮತ್ತು ಬಾರ್ಸ್ ನಡೆಸಿದ ಪ್ರಯೋಗಗಳಲ್ಲಿ, ಭಾಷಿಕರ ಮನಸ್ಥಿತಿಗೆ ಸಂಬಂಧಿಸಿದ ತಪ್ಪುಗಳು ಹೆಚ್ಚಿದವು. ಆದ್ದರಿಂದ ಇಚ್ಛೆಯ ಪ್ರಭಾವವನ್ನು ಪೂರ್ತಿ ಅಲ್ಲಗಳೆಯಲಾಗದು. ಪ್ರತಿಯೊಂದು ತಪ್ಪಿಗೂ ಅದನ್ನು ಆರೋಪಿಸಲೂ ಆಗದು.

ಊರ್ವಶಿಯ ಒಲವು ಪ್ರೇಕ್ಷಕರಿಗೆ ಮೊದಲೇ ತಿಳಿದಿತ್ತು. ಬಾಯ್ತಪ್ಪು ಅದನ್ನು ದೃಢಪಡಿಸಿತೇ ಹೊರತು ಶೋಧಿಸಲಿಲ್ಲ. ಕಾವ್ಯ ಅರ್ಥವುಳ್ಳ ತಪ್ಪನ್ನಷ್ಟೇ ಆಯ್ದುಕೊಳ್ಳುತ್ತದೆ. ಭಾಷಾವಿಜ್ಞಾನಕ್ಕೆ ಆ ಸ್ವಾತಂತ್ರ್ಯವಿಲ್ಲ. ಕನ್ನಡದ ಬಾಯ್ತಪ್ಪುಗಳನ್ನು ಸಂಗ್ರಹಿಸುವವರು ನಗು ತರಿಸುವ, ಗುಟ್ಟು ಬಿಡಿಸುವ ತಪ್ಪುಗಳ ಜೊತೆಗೆ ಯಾವ ಅರ್ಥವೂ ಹೊಳೆಯದ ತಪ್ಪುಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಇಲ್ಲವಾದರೆ ಆಡಿದವರ ಮನಸ್ಸಿನ ಬದಲು ಕೇಳಿದವರ ಮನಸ್ಸಿನ ಚರಿತ್ರೆಯನ್ನು ನಾವು ಬರೆದಂತಾಗುತ್ತದೆ.