ಆದವಾನಿ ಸೀಮೆ: ಪ್ರವಾಸಿಗರಿಗೆ ಮಾಹಿತಿ

ಆದವಾನಿ ಸೀಮೆ ಎಂದರೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ. ಆದವಾನಿ ಪಟ್ಟಣದ ಜೊತೆಗೆ ಆಲೂರು, ಹಾಲಹರವಿ, ಹೊಳಗುಂದ, ಕೌತಾಳ, ಕೋಸಿಗಿ, ಎಮ್ಮಿಗನೂರು, ಮಂತ್ರಾಲಯ, ಚಿಪ್ಪಗಿರಿ, ಪತ್ತಿಕೊಂಡ ಸುತ್ತಿನ ಊರುಗಳನ್ನು ಇದರಲ್ಲಿ ಎಣಿಸಬಹುದು. ಒಂದು ಮಗ್ಗುಲಿಗೆ ಬಳ್ಳಾರಿ ಜಿಲ್ಲೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ, ಹೊಳೆ ದಾಟಿದರೆ ರಾಯಚೂರು. ಕರ್ನಾಟಕದಿಂದ ಮಂತ್ರಾಲಯಕ್ಕೆ ಹೋಗುವವರಲ್ಲಿ ಹೆಚ್ಚಿನವರು ರಾಯರ ದರ್ಶನ ಮುಗಿಸಿ ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಉಳಿದ ಸೀಮೆಯನ್ನು ನೋಡುವುದೇ ಇಲ್ಲ. ನೋಡಬೇಕೆನ್ನುವವರಿಗೆ ದೂರದ ಲೆಕ್ಕಕ್ಕಿಂತ ಪಂಚಾಂಗದ ಲೆಕ್ಕ ಮುಖ್ಯ. ಅರ್ಧ ದಿನದಲ್ಲಿ ಮುಗಿಯುವ ಪ್ರಯಾಣ ಶ್ರಾವಣದಲ್ಲಿ ಎರಡು ದಿನ ಹಿಡಿಯಬಹುದು.

ಇದು ಹೊರನಾಡಾದರೂ ಪರನಾಡಲ್ಲ. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಆದವಾನಿಯೂ ಇತ್ತು. ಮುಂದೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಎರಡೂ ರಾಯದುರ್ಗದೊಡನೆ ಆ ಕಡೆಗೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಗೆರೆ ಎಳೆದ ಮಾತ್ರಕ್ಕೆ ಮಾತು ಬದಲಾಗಲಿಲ್ಲ. ಹೊಳಗುಂದ, ಕೌತಾಳ, ಹಾಲಹರವಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವವರು ಬಹಳ. ಪಟ್ಟಣದಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ನಡೆಯುತ್ತವೆ. ದಾರಿ ಕೇಳುವಾಗ ಮೊದಲೇ ಹಿಂದಿಗೆ ಇಳಿಯಬೇಕಾಗಿಲ್ಲ. "ಅಣ್ಣಾ, ಉರುಕುಂದದ ಬಸ್ಸು ಯಾ ಕಡಿ ನಿಂದರ್ತೈತಿ?" ಎಂದು ಕೇಳಿದರೆ ಬಳ್ಳಾರಿ ಕನ್ನಡದಲ್ಲೇ ಉತ್ತರ ಸಿಗುವುದುಂಟು. ಹಿರಿಯ ಹೆಂಗಸರನ್ನು ‘ಅವ್ವಾ’ ಎಂದು, ಗಂಡಸರನ್ನು ‘ಯಜಮಾನ್ರೇ’ ಎಂದು ಕರೆದರೆ ಸಾಕು. ಆಂಧ್ರ ಸಾರಿಗೆಯ ಬಸ್ಸುಗಳ ಬೋರ್ಡು ತೆಲುಗಿನಲ್ಲಿರುತ್ತದೆ. ತಲೆಕಟ್ಟನ್ನು ಕಡೆಗಣಿಸಿ ಓದಿದರೆ ಕನ್ನಡಿಗರಿಗೆ ಊರಿನ ಹೆಸರು ಹೊಳೆಯುತ್ತದೆ. ರೈಲಿನ ಟಿಕೆಟ್ ಹುಡುಕುವಾಗ ಮಾತ್ರ ‘ಆದವಾನಿ’ ಅಂದರೆ ಸಿಗದು, ‘ಆದೋನಿ’ ಅನ್ನಬೇಕು.

ಮುಂಬಯಿ ಮತ್ತು ಮದ್ರಾಸಿನ ಕಡೆಗಳಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿ ಗುಂತಕಲ್ಲು–ರಾಯಚೂರುಗಳ ನಡುವೆ ಆದವಾನಿ ನಿಲ್ದಾಣವಿದೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಅನುಕೂಲ, ಆದರೆ ಅದು ತಲುಪುವುದು ಬೆಳಗಿನ ಜಾವಕ್ಕೂ ಮುಂಚೆ. ನಿದ್ದೆ ಮಾಡಿದವರು ರಾಯಚೂರಿನಲ್ಲಿ ಕಣ್ಣು ಬಿಡುತ್ತಾರೆ. ಎಚ್ಚರದಿಂದ ಇಳಿದವರಿಗೂ ಬೆಳಗಾಗುವವರೆಗೆ ನಿಲ್ದಾಣದಲ್ಲಿ ಕೂರುವುದೇ ಕ್ಷೇಮ. ಮಂತ್ರಾಲಯಂ ರೋಡ್ ನಿಲ್ದಾಣದ ಹೆಸರು ನಂಬಿ ಇಳಿಯುವವರು ಒಂದು ಮಾತು ನೆನಪಿಡಬೇಕು: ಅಲ್ಲಿಂದ ಮಠಕ್ಕೆ ಇನ್ನೂ ಸುಮಾರು 16 ಕಿಲೋಮೀಟರ್. ಹಂಚಿಕೊಂಡು ಹೋಗುವ ಆಟೊ, ಜೀಪು ಸಿಗುತ್ತವೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು.

ರಸ್ತೆಯಲ್ಲಿ ಬರುವವರಿಗೆ ಬಳ್ಳಾರಿ ಬಳಿಯ ಹಗರಿಯಿಂದ ಆಲೂರು, ಆದವಾನಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 167 ಇದೆ. ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳಿಂದ ಎರಡೂ ರಾಜ್ಯದ ಬಸ್ಸುಗಳು ಓಡಾಡುತ್ತವೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಹಿಡಿದು ಆದವಾನಿ ಮುಟ್ಟಲಾಗದು. 2025ರ ಆಗಸ್ಟ್ 15ರಿಂದ ಆಂಧ್ರ ಬಸ್ಸುಗಳಲ್ಲಿ ಜಾರಿಗೆ ಬಂದ ಸ್ತ್ರೀಶಕ್ತಿ ಯೋಜನೆಯೂ ಅಲ್ಲಿನ ನಿವಾಸಿಗಳಿಗೆ ಮಾತ್ರ. ಹೀಗಾಗಿ ಹೆಣ್ಣುಮಕ್ಕಳೂ ಚಿಲ್ಲರೆ ಇಟ್ಟುಕೊಂಡೇ ಬಸ್ಸು ಹತ್ತಬೇಕು. ಹಳದಿ ಬೋರ್ಡಿನ ಬಾಡಿಗೆ ಕಾರಾದರೆ ಆಂಧ್ರದ ಪರ್ಮಿಟ್ ಮಾಡಿಸಿದ್ದಾರೆಯೇ ಎಂದು ಊರು ಬಿಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕರ್ನಾಟಕದ ಮದ್ಯವನ್ನು ಗಾಡಿಯಲ್ಲಿ ಇಟ್ಟುಕೊಂಡು ಗಡಿ ದಾಟುವುದು ಬೇಡ. ಟೆಟ್ರಾಪ್ಯಾಕ್ ಹಿಡಿದು ಕೇಸು ಹಾಕುವುದು ಈ ಗಡಿಯಲ್ಲಿ ಹಳೆಯ ಕಥೆ.

ಕಾಲದ ವಿಷಯ. ಮಾರ್ಚ್ ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕರಿಮಣ್ಣಿನ ಬಯಲು, ಬೋಳು ಬಂಡೆಗುಡ್ಡ, ನೆರಳು ಕಡಿಮೆ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಅದೇ ಹೊತ್ತಿಗೆ ಹತ್ತಿಯ ಸುಗ್ಗಿ. ಆದವಾನಿಯ ಹತ್ತಿ ಮಾರುಕಟ್ಟೆ ಆಂಧ್ರದಲ್ಲೇ ಹೆಸರಾದದ್ದು, ವ್ಯಾಪಾರದ ಜೋರಿಗೆ ಊರನ್ನು ‘ಎರಡನೇ ಬೊಂಬಾಯಿ’ ಎನ್ನುತ್ತಿದ್ದರು. ಯಾರ್ಡಿನ ಸುತ್ತ ಹತ್ತಿ ತುಂಬಿದ ಗಾಡಿಗಳ ಸಾಲು ಹತ್ತಿದರೆ ಕಾರು ಮುಂದಕ್ಕೆ ಹೋಗುವುದು ಕಷ್ಟ. ಅವಸರವಿಲ್ಲದವರು ಇಳಿದು ಹರಾಜು ನೋಡಬಹುದು.

ಪಟ್ಟಣದಲ್ಲಿ ಮೊದಲು ನೋಡಬೇಕಾದದ್ದು ಕೋಟೆ. ಊರ ಮಗ್ಗುಲಿನ ಗುಡ್ಡಗಳ ಮೇಲೆ ಹರಡಿರುವ ಇದರ ಎತ್ತರದ ಬಾರಾಕಿಲ್ಲಾ, ತಾಲಿಬಂಡಾ ಶಿಖರಗಳು ಬಯಲಿನಿಂದ ಸುಮಾರು 800 ಅಡಿ ಮೇಲಿವೆ. ವಿಜಯನಗರ, ಬಿಜಾಪುರ, ಮೊಗಲರು, ನಿಜಾಮನ ತಮ್ಮ ಬಸಾಲತ್ ಜಂಗ್ ಎಲ್ಲರೂ ಇದನ್ನು ಆಳಿದರು. 1786ರಲ್ಲಿ ಟಿಪ್ಪು ಗೆದ್ದ. ಈಗ ಮೇಲೆ ಅಂಗಡಿಯಿಲ್ಲ, ನೆರಳಿಲ್ಲ. ಸೂರ್ಯ ಏರುವ ಮುನ್ನ ಹತ್ತಿ, ಹತ್ತು ಗಂಟೆಯೊಳಗೆ ಇಳಿಯಬೇಕು. ನೀರು ಕೆಳಗಿನಿಂದಲೇ ಒಯ್ಯಬೇಕು. ಒಬ್ಬರೇ ಹೋಗುವುದು ಜಾಣತನವಲ್ಲ. ಅಷ್ಟು ಶಕ್ತಿಯಿಲ್ಲದವರಿಗೆ ರಣಮಂಡಲ ಆಂಜನೇಯನ ಗುಡ್ಡವಿದೆ. ಪೇಟೆಯೊಳಗೆ ಬಿಜಾಪುರದ ಅಧಿಕಾರಿ ಸಿದ್ದಿ ಮಸೂದ್ ಖಾನ್ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ ಇದೆ. ನಮಾಜಿನ ಹೊತ್ತು ತಪ್ಪಿಸಿ, ತಲೆಗೆ ಬಟ್ಟೆ ಹಾಕಿಕೊಂಡು, ಕೇಳಿ ಒಳಗೆ ಹೋಗಬೇಕು.

ಕೋಟೆ ಇಳಿದವರಿಗೆ ಉಗ್ಗಾಣಿ ಕಾದಿರುತ್ತದೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ. ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯವರಿಗೆ ಇದು ಒಗ್ಗರಣಿ–ಮಿರ್ಚಿ, ಹೊಸದೇನಲ್ಲ. ಹಳೆ ಮೈಸೂರಿನವರು ಬಜ್ಜಿಯ ಖಾರವನ್ನು ಮೊದಲು ತುದಿ ಕಚ್ಚಿ ನೋಡಲಿ. ಬೆಳಿಗ್ಗೆ ಮಾತ್ರ ಸಿಗುವ ತಿಂಡಿ, ತಡವಾದರೆ ಬಾಣಲೆ ಖಾಲಿ.

ಮಂತ್ರಾಲಯದಲ್ಲಿ ಗುರುವಾರ ಮತ್ತು ರಜೆಗಳಲ್ಲಿ ಸಾಲು ಉದ್ದ. ರಾಘವೇಂದ್ರ ಸ್ವಾಮಿಗಳು 1671ರ ಶ್ರಾವಣ ಬಹುಳ ಬಿದಿಗೆಯಂದು ಬೃಂದಾವನ ಪ್ರವೇಶಿಸಿದರು; ಆ ಆಸುಪಾಸಿನ ಆರಾಧನೆಯ ದಿನಗಳಲ್ಲಿ ಕೋಣೆ ಮೊದಲೇ ಕಾದಿರಿಸದೆ ಹೋಗಬಾರದು. ಮೊದಲು ಮಂಚಾಲಮ್ಮನ ದರ್ಶನ, ಆಮೇಲೆ ರಾಯರದು ಎಂಬುದು ರೂಢಿ. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಪಂಚೆ–ಶಲ್ಯ ಒಯ್ದರೆ ಹಗುರ. ಹೊಳೆಯ ಸ್ನಾನದ ಬಗ್ಗೆ ಮಾತ್ರ ಭಕ್ತಿಗಿಂತ ವಿವೇಕ ಮುಂದಿರಲಿ. ಬೇಸಗೆಯಲ್ಲಿ ಮೊಳಕಾಲುದ್ದ ನೀರೂ ಇರದ ತುಂಗಭದ್ರೆ, ಮಳೆಗಾಲದಲ್ಲಿ ಹೊಸಪೇಟೆ ಅಣೆಕಟ್ಟಿನ ಗೇಟು ತೆರೆದರೆ ಏರುತ್ತದೆ. ಇಲ್ಲಿ ಮಳೆ ಬೀಳಲೇಬೇಕೆಂದಿಲ್ಲ. 2009ರ ಅಕ್ಟೋಬರ್ ಪ್ರವಾಹದಲ್ಲಿ ಮಠವೇ ಮುಳುಗಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ದಡದವರಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು. ಜುಲೈನಿಂದ ಅಕ್ಟೋಬರಿನವರೆಗೆ ಅಣೆಕಟ್ಟಿನ ಸುದ್ದಿ ಕೇಳಿಕೊಂಡು ನೀರಿಗಿಳಿಯಿರಿ. ಮಂತ್ರಾಲಯದ ಜೊತೆಗೆ ರಾಯರ ಭಕ್ತರು ನೋಡುವ ಪಂಚಮುಖಿ, ಬಿಚ್ಚಾಲಿ ಎರಡೂ ಹೊಳೆಯಾಚೆ, ರಾಯಚೂರು ಜಿಲ್ಲೆಯಲ್ಲಿವೆ.

ಶ್ರಾವಣದ ಸೋಮವಾರ, ಗುರುವಾರಗಳಲ್ಲಿ ಕೌತಾಳ ಬಳಿಯ ಉರುಕುಂದ ಈರಣ್ಣನ ಜನಸಾಗರ ಮಂತ್ರಾಲಯಕ್ಕಿಂತ ಕಡಿಮೆಯಲ್ಲ. ಕರ್ನಾಟಕದ ಸಂಸಾರಗಳು ಗಾಡಿ ಕಟ್ಟಿಸಿಕೊಂಡು ಬಂದು ಬಯಲಿನಲ್ಲೇ ಒಲೆ ಹೂಡುತ್ತವೆ. ಮಿಕ್ಕ ತಿಂಗಳಲ್ಲಿ ಇಲ್ಲಿ ಆರಾಮವಾಗಿ ದರ್ಶನವಾಗುತ್ತದೆ.

ಹೊಳಗುಂದ ಮಂಡಲದ ದೇವರಗಟ್ಟು ಬೇರೆಯೇ ಬಗೆ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಕಲ್ಯಾಣವಾದ ಮೇಲೆ ಉತ್ಸವಮೂರ್ತಿಗಳಿಗಾಗಿ ಊರೂರಿನವರು ಕಬ್ಬಿಣದ ಬಳೆ ತೊಡಿಸಿದ ಕೋಲು, ದೀವಟಿಗೆ ಹಿಡಿದು ಹೊಡೆದಾಡುತ್ತಾರೆ. ಪೊಲೀಸರ ಪಡೆ, ವೈದ್ಯರ ಶಿಬಿರ ಎಲ್ಲ ಇದ್ದೂ ವರ್ಷ ವರ್ಷವೂ ತಲೆಗಳು ಒಡೆಯುತ್ತವೆ. ಪ್ರಾಣ ಹೋದದ್ದೂ ಇದೆ. ಹೊರಗಿನವರು ಇದನ್ನು ‘ನೋಡುವ ಹಬ್ಬ’ ಎಂದುಕೊಂಡು ಮಕ್ಕಳೊಡನೆ ಬರಬಾರದು. ಬಂದೇ ತೀರುವವರು ಮೆರವಣಿಗೆಯ ದಾರಿ ಬಿಟ್ಟು ಎತ್ತರದಲ್ಲಿ ನಿಲ್ಲಲಿ. ಗುಡಿಯನ್ನಷ್ಟೇ ನೋಡುವವರಿಗೆ ಬೇರೆ ಯಾವ ದಿನವೂ ಆದೀತು.

ದಾಸಸಾಹಿತ್ಯದ ಒಲವಿರುವವರು ಗುಂತಕಲ್ಲಿಗೆ ಹತ್ತಿರವಾದ ಚಿಪ್ಪಗಿರಿಗೆ ಹೋಗಬೇಕು. 1755ರಲ್ಲಿ ತೀರಿಕೊಂಡ ವಿಜಯದಾಸರ ಕಟ್ಟೆ ಅಲ್ಲಿದೆ. ಕಾರ್ತಿಕ ಶುದ್ಧ ದಶಮಿಗೆ ಆರಾಧನೆ. ಪತ್ತಿಕೊಂಡದ ಕಡೆ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ದೊಡ್ಡ, ಸಣ್ಣ ಶಾಸನಗಳೆರಡೂ ಒಂದೇ ಕಡೆ ಇವೆ. ಓರೆಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ, ನಡುಮಧ್ಯಾಹ್ನ ಬರಿ ಬಂಡೆ ಕಂಡೀತು. ಅದೇ ಸುತ್ತಿನ ಜೊನ್ನಗಿರಿ, ತುಗ್ಗಲಿ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ವಜ್ರ ಹುಡುಕುವವರ ಗುಂಪು ಇಳಿಯುತ್ತದೆ. ಅದು ಬಿತ್ತುವ ಹೊಲ, ಯಾರದೋ ಹೊಟ್ಟೆಪಾಡು. ಒಡೆಯನನ್ನು ಕೇಳದೆ ಕಾಲಿಡಬಾರದು. ಈ ಕಡೆಯ ಹಳ್ಳಿಗಳಿಗೆ ಬಸ್ಸು ಕಡಿಮೆ. ಇಳಿದ ಕೂಡಲೇ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿಟ್ಟುಕೊಂಡು, ರಾತ್ರಿ ತಂಗಲು ಆದವಾನಿಗೋ ಗುಂತಕಲ್ಲಿಗೋ ಮರಳಬೇಕು.