ಶಾಲೆ ಯಾರದು? ಅಮೆರಿಕದ ಶಾಲಾವಲಯಗಳ ಚರಿತ್ರೆ

'ಡಿಸ್ಟ್ರಿಕ್ಟು' ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಜಿಲ್ಲೆ: ಕೆಲವು ತಾಲ್ಲೂಕುಗಳು, ಜಿಲ್ಲಾಧಿಕಾರಿಯ ಕಚೇರಿ, ಖಜಾನೆ, ನ್ಯಾಯಸ್ಥಾನ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿ 'ಸ್ಕೂಲ್ ಡಿಸ್ಟ್ರಿಕ್ಟು' ಎಂದರೆ, ಶಾಲೆಗಳನ್ನು ನಡೆಸುವುದಕ್ಕಾಗಿಯೇ ಎಲ್ಲೆಕಟ್ಟು ಹಾಕಿದ ಒಂದು ಪ್ರದೇಶ. ಇದನ್ನು ನಾವು ಶಾಲಾವಲಯವೆಂದು ಕರೆಯೋಣ. ಅದಕ್ಕೆ ರಸ್ತೆಯ ಚಿಂತೆಯಿಲ್ಲ. ಆದರೆ ತನ್ನದೇ ಆದ ಚುನಾವಣೆಯುಂಟು, ತನ್ನದೇ ಆದ ಆಯವ್ಯಯವುಂಟು, ಬಹುಪಾಲು ಕಡೆಗಳಲ್ಲಿ ತೆರಿಗೆ ಹಾಕುವ ಹಕ್ಕೂ ಉಂಟು. ಇಂಥ ವಲಯಗಳು ಆ ದೇಶದಲ್ಲಿ ಇಂದು ಸುಮಾರು 13,000 ಇವೆ. ಕೆಲವು ಮಹಾನಗರದಷ್ಟು ದೊಡ್ಡವು. ಕೆಲವಕ್ಕೆ ಒಂದೇ ಒಂದು ಶಾಲೆ. ಹವಾಯಿ ಸಂಸ್ಥಾನಕ್ಕೆಲ್ಲ ಸೇರಿ ವಲಯ ಒಂದೇ.

ಊರಿನ ಶಾಲೆ ಯಾರದು? ಮಕ್ಕಳನ್ನು ಕಳುಹಿಸುವ ತಂದೆತಾಯಿಗಳದೆ? ತೆರಿಗೆ ಕೊಡುವ ಗೃಹಸ್ಥರದೆ? ಇಡೀ ರಾಜ್ಯದ್ದೆ? ಶಾಲಾವಲಯದ ಚರಿತ್ರೆಯೆಂದರೆ ಈ ಪ್ರಶ್ನೆಯ ಚರಿತ್ರೆ. ಹಣ ಕೊಟ್ಟವರು ಆಳುವರು, ಆಳುವವರು ಉಪಾಧ್ಯಾಯರನ್ನು ನೇಮಿಸುವರು. ಈ ಮೂರು ಎಳೆಗಳು ಮೊದಲಿನಿಂದಲೂ ಒಂದರೊಡನೊಂದು ಹೆಣೆದುಕೊಂಡು ಬಂದಿವೆ.

ಕಥೆ ತೊಡಗುವುದು ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ. 1647ರಲ್ಲಿ ಅಲ್ಲಿನ ಸಭೆ ಒಂದು ಶಾಸನ ಮಾಡಿತು. ಐವತ್ತು ಗೃಹಸ್ಥರಿರುವ ಊರು ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ನೇಮಿಸತಕ್ಕದ್ದು. ನೂರು ಕುಟುಂಬಗಳಿರುವ ಊರು ಲ್ಯಾಟಿನ್ ಕಲಿಸುವ ಶಾಲೆಯನ್ನು ತೆರೆಯತಕ್ಕದ್ದು. ಮಕ್ಕಳು ಧರ್ಮಗ್ರಂಥವನ್ನು ತಾವೇ ಓದಬಲ್ಲವರಾಗಲಿ, ಸೈತಾನನ ಮೋಸಕ್ಕೆ ಸಿಕ್ಕದಿರಲಿ ಎಂಬುದು ಆ ಜನರ ಉದ್ದೇಶ. ದೊಡ್ಡ ಶಾಲೆಯನ್ನು ತೆರೆಯದ ಊರಿಗೆ ಐದು ಪೌಂಡು ದಂಡ. ಆ ದಂಡ ಹೋಗುತ್ತಿದ್ದುದು ಪಕ್ಕದ ಶಾಲೆಗೆ. ಸಂಬಳವನ್ನು ಯಾರು ಕೊಡಬೇಕು? ಮಕ್ಕಳ ತಂದೆಯೊ, ಊರವರೆಲ್ಲರೊ? ಈ ತೀರ್ಮಾನವನ್ನು ಶಾಸನವು ಊರಿಗೇ ಬಿಟ್ಟಿತು. ಆಜ್ಞೆ ಮೇಲಿನದು, ಹಣ ಕೆಳಗಿನದು. ಮುಂದಿನ ಮುನ್ನೂರೈವತ್ತು ವರ್ಷಗಳ ತೊಡಕೆಲ್ಲ ಈ ಒಂದು ವಾಕ್ಯದಲ್ಲಿ ಬೀಜರೂಪವಾಗಿ ಅಡಗಿದ್ದಿತು.

ಕಾಲ ಕಳೆದಂತೆ ಜನ ಊರ ನಡುವಣ ಮನೆಗಳನ್ನು ಬಿಟ್ಟು ದೂರದ ಹೊಲಗಳಲ್ಲಿ ನೆಲಸಿದರು. ನಡುವೂರಿನ ಶಾಲೆ ಅವರ ಮಕ್ಕಳಿಗೆ ಎಟುಕದಾಯಿತು. ಕಾಣದ ಶಾಲೆಗೆ ತೆರಿಗೆಯನ್ನೇಕೆ ಕೊಡಬೇಕೆಂದು ಅವರು ಕೇಳಿದರು. ಮೊದಲು ಉಪಾಧ್ಯಾಯನೇ ಒಂದೊಂದು ಮೂಲೆಯಲ್ಲಿ ಕೆಲವು ತಿಂಗಳಂತೆ ಸುತ್ತಿ ಪಾಠ ಹೇಳುವ ಸಂಚಾರಿ ಶಾಲೆ ಹುಟ್ಟಿತು. ಆಮೇಲೆ ಪ್ರತಿ ಮೂಲೆಗೂ ತನ್ನದೇ ಶಾಲೆ ಬೇಕೆನಿಸಿತು. 1789ರ ಶಾಸನ ಊರನ್ನು ವಲಯಗಳಾಗಿ ಒಡೆಯಲು ಅಪ್ಪಣೆಯಿತ್ತಿತು. 1800ರಲ್ಲಿ ವಲಯಕ್ಕೆ ಶಾಲೆಯ ಕಟ್ಟಡಕ್ಕಾಗಿ ತೆರಿಗೆಯೆತ್ತುವ ಅಧಿಕಾರ ಬಂದಿತು; 1827ರಲ್ಲಿ ವಲಯದ ಪ್ರತಿನಿಧಿಗೆ ಉಪಾಧ್ಯಾಯರನ್ನು ಆರಿಸುವ ಅಧಿಕಾರವೂ ದೊರೆಯಿತು.

ಹೀಗೆ ಹುಟ್ಟಿದ ಸಣ್ಣ ವಲಯದ ಚಿತ್ರವನ್ನು ನಾವು ಕಲ್ಪಿಸಿಕೊಳ್ಳಬಹುದು. ಒಂದೇ ಕೊಠಡಿ, ನಡುವೆ ಒಲೆ, ಐದು ವರ್ಷದ ಮಗುವೂ ಹದಿನಾರರ ಹುಡುಗನೂ ಒಬ್ಬ ಉಪಾಧ್ಯಾಯನ ಮುಂದೆ. ವರ್ಷಕ್ಕೊಮ್ಮೆ ನೆರೆಹೊರೆಯವರು ಸಭೆ ಸೇರಿ ಎಷ್ಟು ವಾರ ಶಾಲೆ ನಡೆಯಬೇಕು, ಸೌದೆಯನ್ನು ಯಾರು ತರಬೇಕು, ಕಟ್ಟಡ ಯಾರ ಹೊಲದ ಅಂಚಿನಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಕೈಯೆತ್ತಿ ತೀರ್ಮಾನಿಸುವರು. ಉಪಾಧ್ಯಾಯನಿಗೆ ಸಂಬಳ ಅಲ್ಪ. ಊಟವಸತಿಗಳು ಒಂದೊಂದು ವಾರ ಒಂದೊಂದು ಶಿಷ್ಯನ ಮನೆಯಲ್ಲಿ. ನಮ್ಮ ಹಳೆಯ ಕೂಲಿಮಠದ ಅಯ್ಯಗಳ ಬದುಕನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಚಳಿಗಾಲದಲ್ಲಿ ದೊಡ್ಡ ಹುಡುಗರು ಬರುವುದರಿಂದ ಗಂಡಸನ್ನೂ, ಬೇಸಗೆಯಲ್ಲಿ ಅವರು ಹೊಲಕ್ಕೆ ಹೋಗುವುದರಿಂದ ಹೆಂಗಸನ್ನೂ ಗೊತ್ತುಮಾಡುವುದು ವಾಡಿಕೆ. ಹೆಂಗಸಿಗೆ ಕೊಡುತ್ತಿದ್ದ ಸಂಬಳ ಬಹಳ ಕಡಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಪಾಧ್ಯಾಯವೃತ್ತಿ ಬಹುಮಟ್ಟಿಗೆ ಸ್ತ್ರೀಯರ ಕೈಗೆ ಬಂದುದಕ್ಕೆ ಅವರ ಯೋಗ್ಯತೆಯ ಜೊತೆಗೆ ವಲಯದ ಜಿಪುಣತನವೂ ಕಾರಣವೆಂಬುದನ್ನು ನಾವು ಮರೆಮಾಡಬಾರದು.

ಈ ಸಣ್ಣ ಪ್ರಜಾರಾಜ್ಯವನ್ನು ಕಟುವಾಗಿ ಟೀಕಿಸಿದವನು ಹೊರೇಸ್ ಮಾನ್. 1837ರಲ್ಲಿ ಮ್ಯಾಸಚೂಸೆಟ್ಸಿನ ವಿದ್ಯಾಮಂಡಲಿಗೆ ಕಾರ್ಯದರ್ಶಿಯಾಗಿ ಬಂದ ಈತ ಹನ್ನೊಂದು ವರ್ಷ ಆ ಕೆಲಸದಲ್ಲಿದ್ದು, ಸಂಸ್ಥಾನವನ್ನೆಲ್ಲ ಸುತ್ತಿ ಶಾಲೆಗಳ ಸ್ಥಿತಿಯನ್ನು ಕಣ್ಣಾರೆ ನೋಡಿದನು. ಗಾಳಿಬೆಳಕಿಲ್ಲದ ಕಟ್ಟಡಗಳು, ತರಬೇತಿಲ್ಲದ ಉಪಾಧ್ಯಾಯರು, ಒಂದು ವಲಯದಲ್ಲಿ ಸಮೃದ್ಧಿ, ಅದರ ಮಗ್ಗುಲಲ್ಲೇ ದಾರಿದ್ರ್ಯ. ವಲಯಗಳಿಗೆ ದಾರಿಮಾಡಿಕೊಟ್ಟ 1789ರ ಶಾಸನದಷ್ಟು ಅನಿಷ್ಟವಾದುದು ಸಾರ್ವಜನಿಕ ಶಾಲೆಗಳ ವಿಷಯದಲ್ಲಿ ಬೇರೊಂದಿಲ್ಲವೆಂದು ಆತ ಬರೆದನು. ಟೀಕಿಸಿ ಸುಮ್ಮನಾಗಲೂ ಇಲ್ಲ. 1839ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಸಂಸ್ಥಾನದ ಖರ್ಚಿನಿಂದ ಉಪಾಧ್ಯಾಯರ ತರಬೇತಿಶಾಲೆ ಆರಂಭವಾಯಿತು. ಮೊದಲ ದಿನ ಬಂದ ವಿದ್ಯಾರ್ಥಿನಿಯರು ಮೂವರೇ. ವಲಯಗಳು ಮಾತ್ರ ಸುಲಭವಾಗಿ ಬಿಟ್ಟುಕೊಡಲಿಲ್ಲ. ಮಾನ್ 1859ರಲ್ಲಿ ತೀರಿಕೊಂಡನು. ಮ್ಯಾಸಚೂಸೆಟ್ಸ್ ತನ್ನ ವಲಯಪದ್ಧತಿಯನ್ನು ಪೂರ್ತಿಯಾಗಿ ರದ್ದುಮಾಡಿ ಶಾಲೆಗಳನ್ನು ಮತ್ತೆ ಊರಿಗೆ ಒಪ್ಪಿಸಿದುದು 1882ರಲ್ಲಿ.

ಹುಟ್ಟಿದ ಮನೆಯಲ್ಲಿ ಕೊನೆಗಂಡರೂ ಈ ಪದ್ಧತಿ ಅಷ್ಟರಲ್ಲಿ ಪಶ್ಚಿಮದ ಬಯಲುಗಳನ್ನೆಲ್ಲ ವ್ಯಾಪಿಸಿದ್ದಿತು. 1785ರ ಭೂಶಾಸನವು ಹೊಸ ನೆಲವನ್ನು ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಗಳಾಗಿ ಅಳೆದು, ಪ್ರತಿ ಚೌಕವನ್ನು ಮೂವತ್ತಾರು ಭಾಗ ಮಾಡಿ, ಹದಿನಾರನೆಯ ಭಾಗವನ್ನು, ಎಂದರೆ 640 ಎಕರೆಯನ್ನು, ಶಾಲೆಗಾಗಿ ಮೀಸಲಿಟ್ಟಿದ್ದಿತು. ನಮ್ಮ ದೇವಸ್ಥಾನಗಳಿಗೆ ಮಾನ್ಯ ಬಿಟ್ಟಂತೆ ಅವರು ಶಾಲೆಗೆ ನೆಲ ಬಿಟ್ಟರು. ವಲಯವು ಬೇರೊಂದು ಬಾಗಿಲನ್ನೂ ತೆರೆಯಿತು. ಸ್ತ್ರೀಯರಿಗೆ ಇನ್ನಾವ ಚುನಾವಣೆಯಲ್ಲೂ ಮತವಿಲ್ಲದಿದ್ದ ಕಾಲದಲ್ಲಿ, 1838ರಲ್ಲಿ, ಕೆಂಟಕಿ ಸಂಸ್ಥಾನವು ಕೆಲವು ವಿಧವೆಯರಿಗೆ ಶಾಲೆಯ ವಿಷಯದಲ್ಲಿ ಮತಾಧಿಕಾರ ಕೊಟ್ಟಿತು. 1879ರಲ್ಲಿ ಮ್ಯಾಸಚೂಸೆಟ್ಸ್ ಶಾಲಾಸಮಿತಿಯ ಚುನಾವಣೆಯಲ್ಲಿ ಸ್ತ್ರೀಯರು ಮತ ಹಾಕಬಹುದೆಂದಿತು. ಸಣ್ಣ ಸಂಸ್ಥೆಯೆಂದು ಹಗುರವಾಗಿ ಕಾಣುವುದು ಸಲ್ಲದು.

1930ರ ದಶಕದ ಆರಂಭದಲ್ಲಿ ದೇಶದಲ್ಲಿ ಸುಮಾರು 1,27,000 ವಲಯಗಳಿದ್ದುವು. 1949-50ರ ಹೊತ್ತಿಗೆ ಅವು ಸುಮಾರು 84,000ಕ್ಕೆ, 1970-71ರ ಹೊತ್ತಿಗೆ 18,000ಕ್ಕೆ ಇಳಿದುವು. ಒಳ್ಳೆಯ ರಸ್ತೆ ಮತ್ತು ಮೋಟಾರು ಬಸ್ಸು ಇದಕ್ಕೆ ಒಂದು ಕಾರಣ. ಪ್ರೌಢಶಾಲೆಯ ವಿಜ್ಞಾನ, ಗಣಿತಗಳಿಗೆ ಬೇರೆಬೇರೆ ಉಪಾಧ್ಯಾಯರನ್ನಿಡಲು ಮೂವತ್ತು ಮಕ್ಕಳ ಹಳ್ಳಿಗೆ ಸಾಧ್ಯವಿಲ್ಲವೆಂಬುದು ಇನ್ನೊಂದು. ಕೂಡಿಕೆಯಿಂದ ಲಾಭವಾದುದು ನಿಜ. ಆದರೆ ಶಾಲೆ ಮುಚ್ಚಿದ ಹಳ್ಳಿಗೆ ನೆರೆಯವರೆಲ್ಲ ಕೂಡುವ ಸ್ಥಳವೂ ಇಲ್ಲವಾಯಿತು. ಮಗು ಹೊತ್ತುಮೂಡುವ ಮುಂಚೆ ಬಸ್ಸಿಗೆ ಕಾಯುವಂತಾಯಿತು.

ಈಗ ಉಳಿದಿರುವ ಸಣ್ಣ ವಲಯದ ಆಡಳಿತವನ್ನು ಸಂಕ್ಷೇಪವಾಗಿ ಹೇಳಬಹುದು. ಜನರು ಸಾಮಾನ್ಯವಾಗಿ ಐವರನ್ನೊ ಏಳು ಮಂದಿಯನ್ನೊ ಒಂಬತ್ತು ಮಂದಿಯನ್ನೊ ಶಾಲಾಮಂಡಲಿಗೆ ಚುನಾಯಿಸುತ್ತಾರೆ. ಇವರು ಅಂಗಡಿಯವರು, ರೈತರು, ಗೃಹಿಣಿಯರು, ವೈದ್ಯರು. ಬಹುಪಾಲು ಕಡೆ ಸಂಬಳವಿಲ್ಲ, ಇದ್ದರೂ ಅತ್ಯಲ್ಪ. ನೀತಿಯನ್ನು ಗೊತ್ತುಮಾಡಿ, ಆಯವ್ಯಯವನ್ನು ಒಪ್ಪಿ, ಸೂಪರಿಂಟೆಂಡೆಂಟರೆಂಬ ವೃತ್ತಿಪರ ಅಧಿಕಾರಿಯನ್ನು ನೇಮಿಸುವುದು ಅವರ ಕೆಲಸ. ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ಬಸ್ಸಿನ ಚಾಲಕರು, ಅಡಿಗೆಯವರು, ಎಲ್ಲರೂ ಆ ಅಧಿಕಾರಿಯ ಕೈಕೆಳಗೆ. ಉಪಾಧ್ಯಾಯರಿಗೆ ಯೋಗ್ಯತಾಪತ್ರ ಕೊಡುವುದು ಸಂಸ್ಥಾನ. ಕೆಲಸಕ್ಕೆ ಸೇರಿಸಿಕೊಳ್ಳುವುದು ವಲಯ. ಸಂಬಳ ಅವರ ವಿದ್ಯೆಯನ್ನೂ ಸೇವೆಯ ವರ್ಷಗಳನ್ನೂ ಅನುಸರಿಸಿರುತ್ತದೆ. 1921ರಲ್ಲಿ ಡೆನ್‌ವರ್ ಮತ್ತು ಡೆಮಾಯಿನ್ ನಗರಗಳು ಪ್ರಾಥಮಿಕ, ಪ್ರೌಢ ಎಂಬ ಭೇದವಿಲ್ಲದ ಒಂದೇ ಸಂಬಳದ ದರ್ಜೆಯನ್ನು ತಂದುವು. ಅದೇ ಮುಂದೆ ವಾಡಿಕೆಯಾಯಿತು. ಹಣ ಬರುವುದು ಮೂರು ಕಡೆಗಳಿಂದ: ಸಂಸ್ಥಾನದಿಂದ ಹೆಚ್ಚುಕಡಮೆ ಅರ್ಧ, ಸ್ಥಳೀಯವಾಗಿ ಅದಕ್ಕೆ ಸಮೀಪವಾದಷ್ಟು, ಕೇಂದ್ರ ಸರ್ಕಾರದಿಂದ ಹತ್ತರಲ್ಲೊಂದು ಪಾಲಿನ ಆಸುಪಾಸು. ಸ್ಥಳೀಯ ಹಣದ ಮುಖ್ಯ ಮೂಲ ಮನೆ ಮತ್ತು ನೆಲದ ಮೇಲಿನ ತೆರಿಗೆ. ನ್ಯೂಯಾರ್ಕ್ ಸಂಸ್ಥಾನದ ಬಹುಪಾಲು ವಲಯಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಆಯವ್ಯಯವನ್ನೇ ಮತಕ್ಕೆ ಹಾಕುತ್ತಾರೆ. ತನ್ನೂರಿನ ಶಾಲೆಗೆ ಎಷ್ಟು ಹಣವೆಂದು ನೇರವಾಗಿ ಮತ ಹಾಕುವ ಭಾಗ್ಯ ಲೋಕದಲ್ಲಿ ಎಷ್ಟು ಮಂದಿಗೆ ಉಂಟು?

ಆದರೆ ಮನೆಯ ಬೆಲೆಯ ಮೇಲೆ ಶಾಲೆಯ ಅದೃಷ್ಟ ನಿಂತರೆ ಏನಾಗುವುದು? ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದ ಎರಡು ವಲಯಗಳು ಇದಕ್ಕೆ ಉತ್ತರ ಕೊಟ್ಟುವು. 1967-68ರ ಲೆಕ್ಕ ಇದು. ಎಜ್‌ವುಡ್ ವಲಯದಲ್ಲಿ ಬಡ ಮೆಕ್ಸಿಕೋ ಮೂಲದವರೇ ಹೆಚ್ಚು. ಆಲಮೋ ಹೈಟ್ಸ್ ಸಿರಿವಂತರ ನೆಲೆ. ನೂರು ಡಾಲರು ಆಸ್ತಿಗೆ ಎಜ್‌ವುಡ್ಡಿನವರು ಕೊಟ್ಟ ತೆರಿಗೆ 1.05 ಡಾಲರು, ಆಲಮೋ ಹೈಟ್ಸಿನವರು ಕೊಟ್ಟದ್ದು 85 ಸೆಂಟು. ಹೆಚ್ಚಿನ ದರದಲ್ಲಿ ತೆತ್ತ ಬಡವರಿಗೆ ಮಗುವೊಂದಕ್ಕೆ ದೊರೆತ ಸ್ಥಳೀಯ ಹಣ 26 ಡಾಲರು. ಕಡಮೆ ದರದವರಿಗೆ 333 ಡಾಲರು. ಸಂಸ್ಥಾನದ ಮತ್ತು ಕೇಂದ್ರದ ನೆರವನ್ನು ಸೇರಿಸಿದ ಮೇಲೂ ಎಜ್‌ವುಡ್ಡಿನ ಮಗುವಿಗೆ 356, ಆಲಮೋ ಹೈಟ್ಸಿನ ಮಗುವಿಗೆ 594. ಮನಸ್ಸಿಲ್ಲದೆ ಕೊಡದಿದ್ದರಲ್ಲ, ಕೊಟ್ಟರೂ ಸಾಲದಾಯಿತು.

1968ರಲ್ಲಿ ಎಜ್‌ವುಡ್ಡಿನ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1973ರ ಮಾರ್ಚ್ 21ರಂದು ದೇಶದ ಪರಮೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಪೊವೆಲ್ ಹಿಂದೆ ರಿಚ್‌ಮಂಡಿನ ಶಾಲಾಮಂಡಲಿಗೆ ಅಧ್ಯಕ್ಷರಾಗಿದ್ದವರು. ವಿದ್ಯಾಭ್ಯಾಸವು ಕೇಂದ್ರ ಸಂವಿಧಾನ ಭರವಸೆಯಿತ್ತ ಮೂಲಭೂತ ಹಕ್ಕಲ್ಲ, ಸ್ಥಳೀಯರ ಆಡಳಿತವನ್ನು ಉಳಿಸುವುದು ಯುಕ್ತವಾದ ಉದ್ದೇಶ ಎಂದು ಅವರ ವಾದ. ಬಡವಲಯಕ್ಕೆ ಆಯ್ಕೆಯೇ ಇಲ್ಲದಿರುವಾಗ ಸ್ಥಳೀಯ ಆಡಳಿತವೆಂಬುದು ಬರಿಯ ಮಾತಾಗುವುದೆಂಬುದು ಭಿನ್ನಮತದವರ ಆಕ್ಷೇಪಣೆ. ಮುಂದೆ 1989ರಲ್ಲಿ ಟೆಕ್ಸಾಸಿನ ಉಚ್ಚ ನ್ಯಾಯಾಲಯ, ಆ ಸಂಸ್ಥಾನದ ಸಂವಿಧಾನವನ್ನೇ ಆಧಾರವಾಗಿ ಹಿಡಿದು, ಏಕಮತದಿಂದ ಎಜ್‌ವುಡ್ಡಿನ ಪಕ್ಷವನ್ನು ಎತ್ತಿಹಿಡಿಯಿತು. 1993ರಲ್ಲಿ ಸಿರಿವಂತ ವಲಯದ ತೆರಿಗೆಯ ಒಂದು ಭಾಗವನ್ನು ಬಡವಲಯಗಳಿಗೆ ಹಂಚುವ ಏರ್ಪಾಟಾಯಿತು. ಅಲ್ಲಿಗೆ ಜಗಳ ಮುಗಿಯಲಿಲ್ಲ. ನಮ್ಮ ಹಣ ನಮ್ಮ ಶಾಲೆಗೇ ಸಲ್ಲಬೇಕೆಂಬ ಕೂಗು ಇಂದಿಗೂ ಕೇಳುತ್ತದೆ.

ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದೇನು? ಆಡಳಿತ ಮನೆಯ ಹತ್ತಿರವಿದ್ದಷ್ಟೂ ಶಾಲೆಯ ಮೇಲೆ ಜನರ ಮಮತೆ ಹೆಚ್ಚುವುದು. ಸೌದೆ ಹೊತ್ತು ತಂದವನಿಗೆ ಆ ಒಲೆ ತನ್ನದೆನಿಸುವುದು. ಆದರೆ ಖರ್ಚಿನ ಭಾರವನ್ನೂ ಅಷ್ಟೇ ಸಣ್ಣ ಆವರಣದೊಳಗೆ ಇಟ್ಟರೆ, ಮಮತೆಯಿದ್ದೂ ಬಡವರ ಒಲೆ ಆರುವುದು. ಆಡಳಿತವನ್ನು ಹತ್ತಿರದಲ್ಲಿಟ್ಟು ಭಾರವನ್ನು ಅಗಲವಾಗಿ ಹಂಚುವ ಉಪಾಯವನ್ನು ಆ ದೇಶ 1647ರಿಂದ ಹುಡುಕುತ್ತಲೇ ಬಂದಿದೆ. 1647ರ ಶಾಸನಕಾರರು ದಂಡದ ಹಣವನ್ನು ತಮ್ಮ ಬೊಕ್ಕಸಕ್ಕೆ ಸೇರಿಸದೆ ಪಕ್ಕದ ಊರಿನ ಶಾಲೆಗೆ ಕೊಡಿಸಿದರು. ಪಕ್ಕದೂರಿನ ಮಕ್ಕಳ ವಿದ್ಯೆಯೂ ನಮ್ಮ ಹೊಣೆಯೆಂಬ ಭಾವ ಅಲ್ಲಿ ಇದ್ದಿತು. ದಂಡದ ರೂಪದಲ್ಲಿದ್ದ ಆ ಭಾವವನ್ನು ಧರ್ಮದ ರೂಪಕ್ಕೆ ತರುವ ಕೆಲಸ ಅಲ್ಲಿ ಇನ್ನೂ ನಡೆದಿದೆ.