ಕಂಪನಿಯ ವರಾಹ, ರೋಮಿನ ಪಾದ್ರಿ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯನ್ನು ಕರೆದುಕೊಂಡು ಮನೆಗೆ ಬಂದಿದ್ದನು. ಅವರದು ಹಾಸನ ಸೀಮೆಯ ಹಳೆಯ ಕ್ಯಾಥೋಲಿಕ್ ಕುಟುಂಬ. ಹುಡುಗನಿಗೆ ಪ್ರಾಟೆಸ್ಟೆಂಟ್ ಮಿಷನ್ನಿನವರು ನಡೆಸುವ ಒಂದು ಶಾಲೆಯಲ್ಲಿ ಉಪಾಧ್ಯಾಯನ ಕೆಲಸ ಸಿಕ್ಕಿತ್ತು. ಮಗನಿಗೆ ಸಂತೋಷ, ತಂದೆಗೆ ಸಂಕಟ. "ಮೇಷ್ಟ್ರೇ, ನಮ್ಮ ಹಿರಿಯರು ಅವರ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಇವನು ಅವರ ಸಂಬಳ ತಿನ್ನಬಹುದೇ? ನೀವು ಚರಿತ್ರೆ ಓದಿದವರು, ಹೇಳಿ" ಎಂದರು. ನಾನು ಕನ್ನಡ ಪಂಡಿತ. ಧರ್ಮಶಾಸ್ತ್ರಿಯಲ್ಲ, ಅದರಲ್ಲಿಯೂ ಅವರ ಧರ್ಮದ ಶಾಸ್ತ್ರಿಯಂತೂ ಅಲ್ಲವೇ ಅಲ್ಲ. ಆದರೂ ಅವರ ಊರಿನ ಹೆಸರು ಕೇಳಿದೊಡನೆ ಅದೇ ಸೀಮೆಯಲ್ಲಿ ಓಡಾಡಿದ ಒಬ್ಬ ಪಾದ್ರಿಯ ನೆನಪಾಯಿತು. ಆ ದಿನ ಅವರಿಗೆ ಹೇಳಿದ ಕಥೆಯನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತೇನೆ.

ಆತನ ಹೆಸರು ದುಬ್ವಾ. 'ಅಬೆ' ಎಂಬುದು ಫ್ರೆಂಚರು ಪಾದ್ರಿಗಳಿಗೆ ಹೇಳುವ ಗೌರವದ ಮಾತು. ಆದುದರಿಂದ ಅಬೆ ದುಬ್ವಾ ಎಂದೇ ಆತನು ಪ್ರಸಿದ್ಧನಾದನು. ಫ್ರಾನ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದು, ಹೊಸ ಸರ್ಕಾರದ ಪ್ರಮಾಣವಚನವನ್ನು ಒಪ್ಪದ ಪಾದ್ರಿಗಳು ತಲೆಮರೆಸಿಕೊಳ್ಳಬೇಕಾಗಿದ್ದ 1792ರಲ್ಲಿ ಈತನು ಭಾರತಕ್ಕೆ ಹೊರಟುಬಂದನು. ಪುದುಚೇರಿಯ ಮಿಷನ್ನಿಗೆ ಸೇರಿದ ಮರುವರ್ಷವೇ ಆ ಊರು ಇಂಗ್ಲಿಷರ ಕೈಸೇರಿತು. ಹೀಗೆ, ಸ್ವದೇಶದಲ್ಲಿ ನೆಲೆಯಿಲ್ಲ. ಬಂದ ದೇಶದಲ್ಲಿ ಆಳುವವರು ತನ್ನ ದೇಶದ ಶತ್ರುಗಳು, ಸಾಲದುದಕ್ಕೆ ಪ್ರಾಟೆಸ್ಟೆಂಟರು.

ಈ ಕಡೆಯ ಮಾತನ್ನು ಈಗಿನವರು ಹಗುರವಾಗಿ ಓದಿಬಿಡುತ್ತಾರೆ. ಅಂದಿನ ಇಂಗ್ಲೆಂಡಿನಲ್ಲಿ ಕ್ಯಾಥೋಲಿಕನಾದವನು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಆ ಬಾಗಿಲು ತೆರೆದದ್ದು 1829ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯೋ, ಮೆಣಸು ಬಟ್ಟೆಗಳ ವ್ಯಾಪಾರಕ್ಕೆ ಹುಟ್ಟಿದ್ದಾದರೂ, ಅದರ 1698ರ ಸನ್ನದಿನಲ್ಲಿಯೇ ಕೋಠಿಗಳಲ್ಲಿ ಪಾದ್ರಿಗಳನ್ನಿಡಬೇಕು, ಆ ಪಾದ್ರಿಗಳು ದೇಶಭಾಷೆ ಕಲಿತು ಕಂಪನಿಯ ಆಳುಗಳಿಗೆ ಪ್ರಾಟೆಸ್ಟೆಂಟ್ ಮತವನ್ನು ಬೋಧಿಸಬೇಕು ಎಂಬ ವಿಧಿಯಿತ್ತು. ಕಂಪನಿಯ ಯಜಮಾನರು ಈ ವಿಧಿಯನ್ನು ಎಷ್ಟು ಶ್ರದ್ಧೆಯಿಂದ ನಡೆಸಿದರೆಂಬುದು ಬೇರೆ ಮಾತು. ಮತಪ್ರಚಾರದಿಂದ ವ್ಯಾಪಾರಕ್ಕೆ ಕೆಡುಕೆಂದು ಬಗೆದು ಅವರು ತಮ್ಮವರೇ ಆದ ಪ್ರಾಟೆಸ್ಟೆಂಟ್ ಮಿಷನರಿಗಳನ್ನು ಸಹ ದೂರವಿಟ್ಟಿದ್ದರು. ವಿಲಿಯಂ ಕೇರಿ ಮತ್ತು ಆತನ ಜೊತೆಗಾರರು 1800ರಲ್ಲಿ ಡೇನಿಷರ ಸೆರಾಂಪುರದಲ್ಲಿ ಆಶ್ರಯ ಪಡೆಯಬೇಕಾಯಿತು. ತನ್ನ ಮತದವನನ್ನು ಹೊಸ್ತಿಲಲ್ಲಿ ತಡೆದ ಮನೆಯವರು ಪರಮತದವನನ್ನು ಕೂರಿಸಿ ಮಾತಾಡಿಸಿದ ವಿಚಿತ್ರವೇ ದುಬ್ವಾನ ಕಥೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು 1784ರಲ್ಲಿ ಕನ್ನಡ ಜಿಲ್ಲೆಯಿಂದ ಹಿಡಿದು ತರಿಸಿದ್ದ ಕ್ರೈಸ್ತರಲ್ಲಿ ಬದುಕುಳಿದವರು ಚದುರಿಹೋಗಿದ್ದರು. ಅನೇಕರು ಬಲವಂತದಿಂದ ಮತ ಬಿಟ್ಟಿದ್ದರು. ಅವರನ್ನು ಮತ್ತೆ ಒಟ್ಟುಗೂಡಿಸುವುದಕ್ಕೆ ದುಬ್ವಾ ಮೈಸೂರು ಸೀಮೆಗೆ ಬಂದನು. ಬೇಸಾಯದ ನೆಲೆಗಳನ್ನು ಕಟ್ಟಿದನು. ದೇಶೀಯರ ಹಾಗೆ ಉಡುಗೆಯುಟ್ಟು, ತಲೆಗೆ ರುಮಾಲು ಸುತ್ತಿ, ಇಲ್ಲಿನ ಆಚಾರಗಳಿಗೆ ಹೊಂದಿಕೊಂಡು ನಡೆದನು. ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ಆ ಕಾಲದಲ್ಲಿ ಸಿಡುಬು ಊರೂರನ್ನೇ ಬರಿದುಮಾಡುತ್ತಿತ್ತು. ಜೆನ್ನರನು 1796ರಲ್ಲಿ ಕಂಡುಹಿಡಿದ ಚುಚ್ಚುಮದ್ದು 1802ರಲ್ಲಿ ಮುಂಬಯಿಗೆ ಬಂದಿಳಿಯಿತು. ನಮ್ಮ ಅಜ್ಜಿಯರು 'ಮೈಲಿ ಹಾಕುವುದು' ಎನ್ನುತ್ತಿದ್ದುದು ಇದನ್ನೇ. ಹಸುವಿನ ಹುಣ್ಣಿನ ರಸ, ಅದನ್ನು ಮೈಗೆ ಚುಚ್ಚುವವನು ಪರಂಗಿ, ಜನ ನಂಬುವುದೆಂತು? ಕಂಪನಿಯ ವೈದ್ಯರು ಹಳ್ಳಿಗೆ ಹೋದರೆ ಬಾಗಿಲು ಮುಚ್ಚುತ್ತಿದ್ದವರು ದೊಡ್ಡ ಸ್ವಾಮಿಯವರು ಬಂದರೆ ತೋಳು ಚಾಚಿರಬೇಕು. 1803-04ರಲ್ಲಿ ಆತನ ಪ್ರಯತ್ನದಿಂದ ಮೈಲಿ ಹಾಕಿಸಿಕೊಂಡವರ ಲೆಕ್ಕ 25,432 ಎಂದು ದಾಖಲೆಯಾಗಿದೆ. ಈ ಸಂಖ್ಯೆಯನ್ನು ಹೇಳಿದಾಗ ಹುಡುಗನ ತಂದೆ ಒಂದು ಕ್ಷಣ ಸುಮ್ಮನಿದ್ದು, "ಅದು ಪುಣ್ಯದ ಕೆಲಸ, ಯಾರ ಕಡೆಯಿಂದ ಆದರೇನು" ಎಂದರು. ಮಗನು ನನ್ನ ಕಡೆ ನೋಡಿ ನಕ್ಕನು. ನಾನು ನಗಲಿಲ್ಲ, ಏಕೆಂದರೆ ಕಥೆಯ ತೊಡಕಿನ ಭಾಗ ಇನ್ನೂ ಮುಂದಿತ್ತು.

ದುಬ್ವಾ ಹಿಂದೂಗಳ ನಡೆನುಡಿ, ಜಾತಿ, ಹಬ್ಬ, ಸಂಸ್ಕಾರಗಳನ್ನು ಕುರಿತು ಫ್ರೆಂಚಿನಲ್ಲಿ ದೊಡ್ಡದೊಂದು ಗ್ರಂಥ ಬರೆದನು. 1806ರಲ್ಲಿ ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸನ ಕೈಗೆ ಕೊಟ್ಟನು. ಮದರಾಸಿನ ಗವರ್ನರ್ ಬೆಂಟಿಂಕನು 1807ರಲ್ಲಿ ಅದನ್ನು ಕಂಪನಿಯ ಪರವಾಗಿ 2,000 ನಕ್ಷತ್ರಮುದ್ರೆಯ ವರಾಹಗಳಿಗೆ ಕೊಂಡನು. ಯೂರೋಪಿಯನರಿಗೆ ಹಿಂದೂಗಳ ಆಚಾರವಿಚಾರ ಏನೂ ತಿಳಿಯದೆಂದು ಬೆಂಟಿಂಕನೇ ಒಪ್ಪಿ ಬರೆದಿದ್ದಾನೆ. ಆ ಅಜ್ಞಾನದ ಬೆಲೆ ಎಷ್ಟೆಂಬುದು ಅವನಿಗೆ ಆಗತಾನೇ ತಿಳಿದಿತ್ತು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದರು. ಕವಾಯತಿಗೆ ನಿಲ್ಲುವಾಗ ಹಣೆಯ ನಾಮ ವಿಭೂತಿಗಳನ್ನು ಅಳಿಸಬೇಕು, ಕಿವಿಯ ಒಂಟಿ ತೆಗೆಯಬೇಕು, ಗಡ್ಡ ಬೋಳಿಸಬೇಕು, ಚರ್ಮದ ತುರಾಯಿಯ ಹೊಸ ರುಮಾಲು ತೊಡಬೇಕು ಎಂದು ಸೇನಾಧಿಕಾರಿಗಳು ಅಪ್ಪಣೆ ಮಾಡಿದ್ದೇ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕಂಪನಿಯ ಉಪ್ಪು ತಿಂದವರೇ ಆ ಸಿಪಾಯಿಗಳು. ಅನ್ಯಮತದವರ ಚಾಕರಿಯನ್ನು ಅವರಾಗಲಿ ಅವರ ಬಂಧುಗಳಾಗಲಿ ಪಾಪವೆಂದು ಎಣಿಸಿರಲಿಲ್ಲ. ಧಣಿಯ ಕೈ ಹಣೆಯವರೆಗೆ ಬಂದಾಗ ಮಾತ್ರ ಬಂದೂಕು ಹಿಡಿದರು. ಸಂಬಳಕ್ಕೂ ಮತಕ್ಕೂ ನಡುವಣ ಗೆರೆ ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ದೊರೆತಿಲ್ಲ.

ಹಾಗಾದರೆ ದುಬ್ವಾ ಆ ಗೆರೆ ದಾಟಿದನೇ? ವಿಶ್ವಾಸದ ವಿಷಯದಲ್ಲಿ ದಾಟಲಿಲ್ಲವೆಂದೇ ನನ್ನ ತಿಳಿವಳಿಕೆ. 1823ರಲ್ಲಿ ಆತನು ಭಾರತವನ್ನು ಬಿಟ್ಟು ಹೊರಟನು. ಕಂಪನಿ ವಿಶೇಷ ಪಿಂಚಣಿಯನ್ನು ಗೊತ್ತುಮಾಡಿತು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಆತನ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಪ್ರಾಟೆಸ್ಟೆಂಟರು ಹೆಮ್ಮೆಪಡುತ್ತಿದ್ದ ದೇಶಭಾಷೆಗಳ ಬೈಬಲ್ ಭಾಷಾಂತರಗಳಿಂದ ಏನೂ ಪ್ರಯೋಜನವಿಲ್ಲವೆಂದು ಅಲ್ಲಿ ಕಠೋರವಾಗಿ ವಾದಿಸಿದನು. ಹಿಂದೂಗಳನ್ನು ಮತಾಂತರಿಸುವುದು ಸಾಧ್ಯವಿಲ್ಲವೆಂದೂ ಬರೆದನು. ಇದು ತನ್ನ ಬದುಕಿನ 31 ವರ್ಷಗಳ ಮೇಲೆ ತಾನೇ ಕೊಟ್ಟುಕೊಂಡ ತೀರ್ಪೂ ಹೌದು. ಹಫ್ ಮತ್ತು ಟೌನ್ಲಿ ಎಂಬ ಇಬ್ಬರು ಪ್ರಾಟೆಸ್ಟೆಂಟ್ ಪಾದ್ರಿಗಳು 1824ರಲ್ಲಿ ಸಿಟ್ಟಿನಿಂದ ಉತ್ತರ ಬರೆದರು. ಪ್ರಾಟೆಸ್ಟೆಂಟ್ ಕಂಪನಿಯ ಪಿಂಚಣಿಯಾಗಲಿ ವರಾಹಗಳಾಗಲಿ ದುಬ್ವಾನ ಬಾಯಿ ಕಟ್ಟಲಿಲ್ಲ.

ಆದರೆ ಇನ್ನೊಂದು ಲೆಕ್ಕವನ್ನು ಮುಚ್ಚಿಡಲಾರೆ. ಗ್ರಂಥದ ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದು, ನಮ್ಮನ್ನು ಆಳಲು ಬಂದವರಿಗೆ ಕೈಪಿಡಿಯಾಯಿತು. ನಮ್ಮ ಹಿರಿಯರ ಬದುಕನ್ನು ಅದು ಎಷ್ಟೋ ಕಡೆ ತಿರಸ್ಕಾರದಿಂದಲೇ ಕಾಣುತ್ತದೆ. ಓದುವಾಗ ನನಗೆ ಮೈ ಉರಿದದ್ದುಂಟು. ಅದಕ್ಕಿಂತ ಹೆಚ್ಚಿನದು, ಅದರ ಬಹುಭಾಗ ದುಬ್ವಾನ ಸ್ವಂತದ್ದಲ್ಲ. ಗ್ರಂಥದ ಬಹಳಷ್ಟು ಸಾಮಗ್ರಿ ಆತನಿಗಿಂತ ಹಿಂದೆ ಇಲ್ಲಿದ್ದ ಕೂರ್ದೂ ಎಂಬ ಜೆಸೂಯಿಟ್ ಪಾದ್ರಿಯ ಬರಹದಿಂದ ಬಂದುದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಕಳೆದ ಶತಮಾನದ ಕೊನೆಯ ಭಾಗದಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕುಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ ಗುರುತಿಸಿದ ಪಂಡಿತನು ಈ ಕೂರ್ದೂ, 1779ರಲ್ಲಿ ತೀರಿಕೊಂಡನು. ಸತ್ತವನು ವರಾಹಗಳಲ್ಲಿ ಪಾಲು ಕೇಳುವುದಿಲ್ಲ. ದುಬ್ವಾ ಪ್ರಾಟೆಸ್ಟೆಂಟರ ಹಣ ಮುಟ್ಟಿದ್ದು ನನಗೆ ದೋಷವಾಗಿ ಕಾಣುವುದಿಲ್ಲ. ತನ್ನ ಮತದವನೇ ಆದ ಹಿರಿಯನ ದುಡಿಮೆಯನ್ನು ಹೆಸರೆತ್ತದೆ ಮಾರಿದ್ದು ಕಾಣುತ್ತದೆ.

ಇಷ್ಟನ್ನೂ ಕೇಳಿ ಹುಡುಗನ ತಂದೆ, "ಅದೆಲ್ಲ ಸರಿ ಮೇಷ್ಟ್ರೇ, ಆ ಶಾಲೆಯಲ್ಲಿ ದಿನಾ ಬೆಳಿಗ್ಗೆ ಅವರ ಪ್ರಾರ್ಥನೆ ನಡೆಯುತ್ತದಂತೆ. ಇವನು ಅಲ್ಲಿ ನಿಲ್ಲಬೇಕಲ್ಲ?" ಎಂದರು. ಅವರ ಸಂಕಟದ ಬೇರು ಅಲ್ಲಿತ್ತು. ಅದಕ್ಕೆ ದುಬ್ವಾನಲ್ಲಿ ಉತ್ತರವಿರಲಿಲ್ಲ. ನನಗೆ ಪರಿಚಯದ ಒಬ್ಬ ವೃದ್ಧ ಪಾದ್ರಿಗಳನ್ನು ಮರುದಿನ ಕೇಳಿದೆ. 1918ರಿಂದ 1983ರ ವರೆಗೆ ಜಾರಿಯಲ್ಲಿದ್ದ ತಮ್ಮ ಧರ್ಮಸಂಹಿತೆಯ 1258ನೆಯ ವಿಧಿಯನ್ನು ಅವರು ವಿವರಿಸಿದರು: ಅನ್ಯರ ಪೂಜೆಯಲ್ಲಿ ಪಾಲುಗೊಳ್ಳುವುದು ನಿಷಿದ್ಧ, ಆದರೆ ಉದ್ಯೋಗದ ಕರ್ತವ್ಯಕ್ಕಾಗಿಯೋ ಗೌರವಕ್ಕಾಗಿಯೋ, ತಕ್ಕ ಕಾರಣವಿದ್ದು, ಅಪವಾದಕ್ಕೆ ಎಡೆಯಿಲ್ಲದಿದ್ದರೆ, ಬರಿದೆ ಹಾಜರಿರುವುದು ಕ್ಷಮ್ಯ. 1964ರಲ್ಲಿ ವ್ಯಾಟಿಕನ್ ಮಹಾಸಭೆ ಇತರ ಕ್ರೈಸ್ತರೊಡನೆ ಐಕ್ಯವನ್ನು ಕುರಿತ ಶಾಸನ ಹೊರಡಿಸಿದ ಮೇಲೆ ಆ ಬಿಗಿಯೂ ಸಡಿಲಿತಂತೆ. "ಆ ತಂದೆ ಇನ್ನೂ ಹಳೆಯ ಪುಸ್ತಕದಲ್ಲಿಯೇ ಇದ್ದಾರೆ, ಆದರೆ ಹಳೆಯ ಪುಸ್ತಕವನ್ನೂ ಪೂರ್ತಿ ಓದಿಲ್ಲ" ಎಂದು ಪಾದ್ರಿಗಳು ನಕ್ಕರು.

ಜೂನಿನಲ್ಲಿ ಹುಡುಗನು ಕೆಲಸಕ್ಕೆ ಸೇರಿದನು. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಸಾಲಿನ ಹಿಂದೆ ಕೈಕಟ್ಟಿ ನಿಂತಿರುತ್ತಾನೆ, ಹಾಡುವುದಿಲ್ಲ. ಮುಖ್ಯೋಪಾಧ್ಯಾಯರು ಅದಕ್ಕೆ ಏನೂ ಅಂದಿಲ್ಲವೆಂದು ಕಾಗದ ಬರೆದಿದ್ದಾನೆ. ತಂದೆ ಇನ್ನೂ ಆ ಊರಿಗೆ ಹೋಗಿಲ್ಲ.